ಗೋಲ್ ಲೈನ್ ಹತ್ತಿರ ಸೋತ ಮೇಲೆ: ಪುಟ್ಟನಿಗೆ ಅತ್ತೆಯ ಪತ್ರ

ಚಿರಂಜೀವಿ ಪುಟ್ಟನಿಗೆ,

ನಿನ್ನ ಸೋದರತ್ತೆಯ ಆಶೀರ್ವಾದಗಳು. ಇಲ್ಲಿ ಡಲ್ಲಾಸ್‌ನಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಾವನ ಮಂಡಿ ನೋವು ಸ್ವಲ್ಪ ಕಡಿಮೆಯಾಗಿದೆ.

ಶನಿವಾರ ರಾತ್ರಿ ನೀನು ಫೋನ್ ಮಾಡಿದಾಗ ನಾನು ಜಾಸ್ತಿ ಮಾತಾಡಲಿಲ್ಲ. ಸೋತ ರಾತ್ರಿ ಯಾರ ಬುದ್ಧಿಮಾತೂ ಕಿವಿಗೆ ಹೋಗುವುದಿಲ್ಲ. ಈಗ ಸ್ವಲ್ಪ ಸಮಾಧಾನವಾಗಿರುತ್ತೀಯ ಅಂದುಕೊಂಡು ಬರೆಯುತ್ತಿದ್ದೇನೆ.

ನೀನು ಹೇಳಿದ್ದು ನನಗೆ ಅರ್ಥವಾಗಿದೆ. ನಿಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ನಾಲ್ಕು ಪಾಯಿಂಟ್ ಹಿಂದಿತ್ತು. ನಾಲ್ಕನೇ ಡೌನ್, ಅಂದರೆ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು; ಗೋಲ್ ಲೈನ್ ದಾಟಲು ಎರಡು ಯಾರ್ಡ್ ಬಾಕಿ. ವಾರವೆಲ್ಲ ಎದುರಾಳಿಯ ವಿಡಿಯೋ ನೋಡಿ ನೀನು ಮಾಡಿಕೊಟ್ಟ ಪಟ್ಟಿಯಲ್ಲಿ, ಮಧ್ಯದಲ್ಲೇ ನುಗ್ಗಿದರೆ ಇವರಿಗೆ ತಡೆಯುವುದು ಕಷ್ಟ ಅಂತ ಬರೆದಿತ್ತು. ಕೋಚ್ ಮೂಲೆಗೆ ಪಾಸ್ ಮಾಡಿಸಿದರು. ಹುಡುಗನ ಕೈಗೆ ಬಂದ ಚೆಂಡು ಜಾರಿ ಬಿತ್ತು. ಈಗ ನಿನಗೆ ಆ ಪಟ್ಟಿಯನ್ನು ಆಟಗಾರರಿಗೆ ತೋರಿಸಬೇಕು, ಕಾಲೇಜು ಪತ್ರಿಕೆಗೂ ಕೊಡಬೇಕು ಅನ್ನಿಸಿದೆ.

ಕೊಡಬೇಡ, ಮಗು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗುತ್ತದೆ. ಹಾಗಂತ ಬಾಯಿ ಮುಚ್ಚಿಕೊಂಡಿರು ಅಂತಲೂ ನಾನು ಹೇಳುವುದಿಲ್ಲ. ಕೋಚ್ ಆರಿಸಿದ ಪ್ಲೇ (ಆ ಸಲದ ಆಟದ ಯೋಜನೆ) ತಪ್ಪು ಅಂತ ನಿನಗೆ ಅನ್ನಿಸಿದರೆ ಅದನ್ನು ಕೇಳಲೇಬೇಕು. ಆದರೆ ಸ್ನ್ಯಾಪ್‌ಗೆ, ಅಂದರೆ ಚೆಂಡು ಆಟಕ್ಕೆ ಬರುವುದಕ್ಕೆ, ಮೊದಲು ಏನು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ಕೇಳು. ಆಮೇಲೆ ಏನಾಯಿತು ಅನ್ನುವುದನ್ನು ಪಕ್ಕಕ್ಕಿಡು. ಇದು ಹೇಳಿದಷ್ಟು ಸುಲಭ ಅಲ್ಲ.

ನಾನು ಈ ಊರಿಗೆ ಬಂದಾಗ ಈ ಆಟದ ತಲೆಬುಡ ಗೊತ್ತಿರಲಿಲ್ಲ. ನಿನ್ನ ಭಾವ ಹೈಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ, ಅವನಿಗೋಸ್ಕರ ಶುಕ್ರವಾರ ಸಂಜೆ ಸ್ಟೇಡಿಯಂನಲ್ಲಿ ಕೂರುತ್ತಿದ್ದೆ. ಕೂತು ಕೂತು ಆಟ ಹಿಡಿಸಿತು. ಅವನು ಆಸ್ಟಿನ್‌ಗೆ ಓದಲು ಹೋದ ಮೇಲೆ ಟೆಕ್ಸಸ್ ತಂಡ ನಮ್ಮನೆ ತಂಡವೇ ಆಯಿತು. ಅದಕ್ಕೇ 2025ರ ಜನವರಿ 10ರ ಕಾಟನ್ ಬೌಲ್ ಪಂದ್ಯದ ಬಗ್ಗೆ ಬರೆಯುವಾಗ ನನಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿನಗೆ ನೆನಪಿದೆ ಅಲ್ವಾ? ನಮ್ಮ ಆರ್ಲಿಂಗ್ಟನ್‌ನಲ್ಲೇ ನಡೆದ ಸೆಮಿಫೈನಲ್. ಓಹಾಯೋ ಸ್ಟೇಟ್ 21, ಟೆಕ್ಸಸ್ 14. ಆಟ ಮುಗಿಯಲು ಕೆಲವೇ ನಿಮಿಷ. ಪಾಸ್ ಹಿಡಿಯುವವನನ್ನು ಅಡ್ಡಗಟ್ಟಿದ್ದಕ್ಕೆ ಓಹಾಯೋ ಸ್ಟೇಟ್‌ಗೆ ಬಿದ್ದ ಎರಡು ದಂಡಗಳಿಂದ ಟೆಕ್ಸಸ್‌ನ ಚೆಂಡು ಒಂದು ಯಾರ್ಡ್ ಗೆರೆಗೆ ಬಂತು. ಮೊದಲನೇ ಡೌನ್. ಒಂದು ಯಾರ್ಡ್‌ಗೆ ನಾಲ್ಕು ಪ್ರಯತ್ನ. ಮೊದಲ ಸಲ ನೇರವಾಗಿ ನುಗ್ಗಿದರು, ಏನೂ ಸಿಗಲಿಲ್ಲ. ಎರಡನೇ ಸಲ ಕೋಚ್ ಸ್ಟೀವ್ ಸಾರ್ಕೀಸಿಯನ್ ಟಾಸ್ ಪ್ಲೇ ಆರಿಸಿದರು. ಚೆಂಡನ್ನು ಹಿಂದಿದ್ದ ವಿಸ್ನರ್‌ಗೆ ಎಸೆದು ಅಂಚಿನ ಕಡೆ ಓಡಿಸುವ ಆಟ. ಓಹಾಯೋ ಸ್ಟೇಟ್‌ನವರು ಒಳಗೆ ನುಗ್ಗಿ ಏಳು ಯಾರ್ಡ್ ಹಿಂದೆಯೇ ಅವನನ್ನು ಕೆಡವಿದರು. ಮೂರನೇ ಸಲದ ಪಾಸ್ ನೆಲಕ್ಕೆ ಬಿತ್ತು. ನಾಲ್ಕನೇ ಸಲ ಓಹಾಯೋ ಸ್ಟೇಟ್‌ನ ಜ್ಯಾಕ್ ಸಾಯರ್ ಬಂದು ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಕ್ವಿನ್ ಯೂಯರ್ಸ್ ಕೈಯಿಂದ ಚೆಂಡು ಬೀಳಿಸಿ, ಅದನ್ನು ತಾನೇ ಹಿಡಿದು 83 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ನಮ್ಮ ಗೋಲ್ ಲೈನ್ ದಾಟಿಸಿದ. 28-14. ಕಿತ್ತವನೂ ಕಳೆದುಕೊಂಡವನೂ 2021ರಲ್ಲಿ ಓಹಾಯೋ ಸ್ಟೇಟ್‌ನಲ್ಲಿ ಒಂದೇ ರೂಮಿನಲ್ಲಿದ್ದ ಹುಡುಗರು.

ಮರುದಿನದಿಂದ ಆ ಟಾಸ್‌ನದ್ದೇ ಮಾತು. ದೇವಸ್ಥಾನದಲ್ಲಿ ಸಿಕ್ಕವರೂ ಅದನ್ನೇ ಹೇಳಿದರು, ಕನ್ನಡ ಸಂಘದ ಸಂಕ್ರಾಂತಿ ಊಟದ ಸಾಲಿನಲ್ಲೂ ಅದೇ. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್‌ನನ್ನು ಯಾಕೆ ಇಳಿಸಲಿಲ್ಲ, ಮತ್ತೆ ನೇರವಾಗಿ ಯಾಕೆ ನುಗ್ಗಲಿಲ್ಲ ಅಂತ. ಸಾರ್ಕೀಸಿಯನ್ ಆಟದ ನಂತರ ಕಾರಣ ಕೊಟ್ಟರು. ಮಧ್ಯದಲ್ಲಿ ದಾರಿ ಸಿಗುತ್ತಿರಲಿಲ್ಲ, ಅದಕ್ಕೆ ಅಂಚಿಗೆ ಹೋಗಲು ನೋಡಿದೆವು, ಎದುರಾಳಿಗಳನ್ನು ಸರಿಯಾಗಿ ತಡೆದಿದ್ದರೆ ಒಳಗೆ ಹೋಗುತ್ತಿದ್ದೆವು ಅನ್ನುವುದು ಅವರ ಮಾತಿನ ಸಾರ. ಇದನ್ನು ನೆಪ ಅಂತ ತಳ್ಳಿಹಾಕುವ ಹಾಗಿಲ್ಲ. ಗೋಲ್ ಲೈನ್ ಹತ್ತಿರ ರಕ್ಷಣೆಯವರಿಗೆ ಹಿಂದಿನ ಜಾಗ ಕಾಯುವ ಚಿಂತೆ ಕಡಿಮೆ. ಹನ್ನೊಂದು ಜನವೂ ಮುಂದೆಯೇ ಒತ್ತಿಕೊಂಡು ನಿಲ್ಲುತ್ತಾರೆ. ಎಲ್ಲರೂ ನಡುವೆ ಗುಂಪಾದಾಗ ಅಂಚು ಖಾಲಿ ಇರುತ್ತದೆ ಅಂತ ಯೋಚಿಸುವುದು ಸಹಜ.

ಆದರೂ ಆ ಪ್ಲೇ ತಪ್ಪು ಅಂತಲೇ ನಾನು ಹೇಳುತ್ತೇನೆ. ಅದು ಸೋತಿತು ಅನ್ನುವುದು ನನ್ನ ಕಾರಣ ಅಲ್ಲ. ಸೋತರೆ ಎಲ್ಲಿಗೆ ಬಂದು ನಿಲ್ಲುತ್ತೇವೆ ಅನ್ನುವುದು ಸ್ನ್ಯಾಪ್‌ಗೆ ಮೊದಲೇ ಗೊತ್ತಿತ್ತು. ನೇರ ನುಗ್ಗಿ ಸೋತರೆ ಚೆಂಡು ಒಂದು ಯಾರ್ಡ್‌ನಲ್ಲೋ ಎರಡರಲ್ಲೋ ಇರುತ್ತದೆ. ಮೂರನೇ ಡೌನ್‌ನಲ್ಲಿ ಓಡಲೂಬಹುದು, ಎಸೆಯಲೂಬಹುದು, ಎದುರಾಳಿ ಎರಡಕ್ಕೂ ತಯಾರಿರಬೇಕು. ಟಾಸ್‌ನಲ್ಲಿ ಓಡುವವನಿಗೆ ಚೆಂಡು ಸಿಗುವುದೇ ಐದಾರು ಯಾರ್ಡ್ ಹಿಂದೆ. ಅಲ್ಲಿ ಸಿಕ್ಕಿಬಿದ್ದರೆ ಎಂಟು ಯಾರ್ಡ್ ಆಗುತ್ತದೆ. ಎಂಟು ಯಾರ್ಡ್‌ನಿಂದ ಓಡುತ್ತಾರೆ ಅಂತ ಯಾರೂ ಹೆದರುವುದಿಲ್ಲ. ಸಾಯರ್‌ನಂಥವನು ಕ್ವಾರ್ಟರ್‌ಬ್ಯಾಕ್ ಮೇಲೆ ಕಣ್ಣಿಟ್ಟು ಓಡಿ ಬಂದರೆ ಸಾಕು. ಆ ದಿನ ಅದಕ್ಕೆ ಸ್ವಲ್ಪ ಮೊದಲು ಓಹಾಯೋ ಸ್ಟೇಟ್‌ನ ಜಡ್‌ಕಿನ್ಸ್ ಒಂದು ಯಾರ್ಡ್‌ನಿಂದಲೇ ಓಡಿ ಟಚ್‌ಡೌನ್ ಮಾಡಿದ್ದ, ಅದನ್ನೂ ನಾವು ನೋಡಿದ್ದೆವು.

ವಿಸ್ನರ್ ಆವತ್ತು ಹೇಗೋ ನುಸುಳಿ ಒಳಗೆ ಹೋಗಿದ್ದರೂ ಈ ಮಾತು ನಿಲ್ಲುತ್ತದೆ. ಅಂಥ ಮಾತನ್ನು ಮಾತ್ರ ಹೇಳು ಅನ್ನುತ್ತೇನೆ. ಆ ಟಾಸ್ ಮೇಲೆ ಸಾಯರ್‌ನ 83 ಯಾರ್ಡನ್ನೂ ಹೊರಿಸುವುದು ಅನ್ಯಾಯ. ಅದು ನಾಲ್ಕನೇ ಡೌನ್‌ನಲ್ಲಿ ಸಾಯರ್‌ನನ್ನು ತಡೆಯಲಾಗದೆ ಹೋದದ್ದರ ಫಲ. ಟೆಕ್ಸಸ್ ಎಂಟು ಯಾರ್ಡ್‌ನಿಂದ ಟಚ್‌ಡೌನ್ ಮಾಡಿದ್ದರೆ ಟಾಸ್ ಯಾರಿಗೂ ನೆನಪಿರುತ್ತಿರಲಿಲ್ಲ, ನಿನಗೂ ಸೇರಿ.

ಇನ್ನೊಂದು ಹಳೆಯ ಆಟ ನೋಡು. 1984ರ ಜನವರಿ 2, ಮಯಾಮಿಯ ಆರೆಂಜ್ ಬೌಲ್. ನೆಬ್ರಾಸ್ಕಾ ಒಂದೂ ಪಂದ್ಯ ಸೋಲದೆ ಮೊದಲ ಸ್ಥಾನದಲ್ಲಿತ್ತು. ಎದುರಿಗೆ ಮಯಾಮಿ ತಂಡ, ಅದೂ ಅವರ ಊರಲ್ಲೇ. 48 ಸೆಕೆಂಡ್ ಇದ್ದಾಗ ನೆಬ್ರಾಸ್ಕಾ ಟಚ್‌ಡೌನ್ ಮಾಡಿ 31-30ಕ್ಕೆ ಬಂತು. ಟಚ್‌ಡೌನ್ ಆದ ಮೇಲಿನ ಕಿಕ್ ಹೊಡೆದು ಒಂದು ಪಾಯಿಂಟ್ ಪಡೆದರೆ ಸಮ. ಆಗ ಕಾಲೇಜು ಆಟದಲ್ಲಿ ಓವರ್‌ಟೈಮ್ ಇರಲಿಲ್ಲ, ಪಂದ್ಯ ಸಮವಾಗಿಯೇ ಮುಗಿಯುತ್ತಿತ್ತು. ಸೋಲದ ತಂಡ ಅಂತ ಚಾಂಪಿಯನ್ ಪಟ್ಟವೂ ಬಹುಶಃ ಅವರಿಗೇ ಸಿಗುತ್ತಿತ್ತು. ಕೋಚ್ ಟಾಮ್ ಓಸ್ಬೋರ್ನ್ ಕಿಕ್ ಬೇಡ ಅಂದರು. ಗೆಲ್ಲಲು, ಚೆಂಡನ್ನು ಮತ್ತೆ ಗೋಲ್ ಲೈನ್ ದಾಟಿಸಿದರೆ ಸಿಗುವ ಎರಡು ಪಾಯಿಂಟ್‌ಗೇ ಹೋದರು, ಮೂರು ಯಾರ್ಡ್‌ನಿಂದ. ಟರ್ನರ್ ಗಿಲ್ ಎಸೆದ ಪಾಸ್‌ಗೆ ಮಯಾಮಿಯ ಕೆನ್ನಿ ಕಲ್ಹೂನ್‌ನ ಬೆರಳು ತಗುಲಿತು. ಪಟ್ಟ ಮಯಾಮಿಗೆ ಹೋಯಿತು.

ನನ್ನ ಕಣ್ಣಿಗೆ ಓಸ್ಬೋರ್ನ್ ಮಾಡಿದ್ದು ನೂರಕ್ಕೆ ನೂರು ಸರಿ. ಗೆಲ್ಲಲು ಬಂದ ಹುಡುಗರಿಗೆ ಗೆಲ್ಲುವ ಅವಕಾಶ ಕೊಟ್ಟರು. ಆಗಿನ್ನೂ ಅವರ ಕೈಯಲ್ಲಿ ಒಂದು ರಾಷ್ಟ್ರೀಯ ಪಟ್ಟವೂ ಇರಲಿಲ್ಲ, ಅದು ಗೊತ್ತಿದ್ದೂ ಹಾಗೆ ಮಾಡಿದರು. 1994, 1995, 1997ರಲ್ಲಿ ಅವರ ತಂಡ ಚಾಂಪಿಯನ್ ಆಯಿತು. ಆಮೇಲೆ ಗೆದ್ದರು ಅಂತ ನಾನು ಸರಿ ಅನ್ನುತ್ತಿಲ್ಲ. ಒಂದೂ ಗೆಲ್ಲದೇ ಹೋಗಿದ್ದರೂ ಸರಿಯೇ.

ಪೆನ್ ಸ್ಟೇಟ್‌ನ ಕಥೆ ಬೇರೆ ಥರ. 1979ರ ಜನವರಿ 1, ನ್ಯೂ ಆರ್ಲಿನ್ಸ್‌ನ ಶುಗರ್ ಬೌಲ್. ಅಲಬಾಮಾ 14-7 ಮುಂದಿತ್ತು. ಗೋಲ್ ಲೈನ್‌ನಲ್ಲಿ ಮೂರನೇ ಸಲ ಪೆನ್ ಸ್ಟೇಟ್‌ನ ಮ್ಯಾಟ್ ಸೂಹಿ ನೇರ ನುಗ್ಗಿದ, ನಿಂತುಹೋಯಿತು. ನಾಲ್ಕನೇ ಸಲ ಮೈಕ್ ಗೂಮನ್ ಮೇಲಿಂದ ಹಾರಿದ, ಅಲಬಾಮಾದ ಬ್ಯಾರಿ ಕ್ರೌಸ್ ಎದುರಿಂದ ಬಂದು ಗುದ್ದಿ ತಡೆದ. ಪಾಸ್ ಮಾಡಿಸೋಣ ಅಂತ ತನಗೆ ಅನ್ನಿಸಿತ್ತು, ಸಹಾಯಕರ ಮಾತು ಕೇಳಿ ಬಿಟ್ಟೆ ಅಂತ ಕೋಚ್ ಜೋ ಪಟರ್ನೋ ಎಷ್ಟೋ ವರ್ಷ ಕೊರಗಿದರು. ನೋಡು, ಇಲ್ಲಿ ನೇರ ನುಗ್ಗಿದ್ದೇ ತಪ್ಪಾಯಿತು ಅನ್ನುತ್ತಾರೆ. ಟೆಕ್ಸಸ್‌ನವರು ಎರಡನೇ ಸಲ ನೇರ ನುಗ್ಗಲಿಲ್ಲ ಅನ್ನುವುದೇ ತಪ್ಪಾಯಿತು. ಸೋತ ಮೇಲೆ ಮಾಡದೇ ಬಿಟ್ಟದ್ದೇ ಯಾವಾಗಲೂ ಸರಿಯಾಗಿ ಕಾಣುತ್ತದೆ.

ಆ ಪಂದ್ಯದಲ್ಲಿ ಜನ ಮರೆಯುವ ಎರಡು ಸಂಗತಿ ಇವೆ. ಎರಡನೇ ಡೌನ್‌ನಲ್ಲಿ ಸ್ಕಾಟ್ ಫಿಟ್ಸ್‌ಕೀ ಪಾಸ್ ಹಿಡಿದು ಒಳಗೆ ಹೋಗುವುದರಲ್ಲಿದ್ದ, ಅಲಬಾಮಾದ ಡಾನ್ ಮೆಕ್‌ನೀಲ್ ಬಂದು ಗೆರೆಯ ಹತ್ತಿರವೇ ಅವನನ್ನು ಹೊರಗೆ ತಳ್ಳಿದ. ಅದಾಗದೇ ಇದ್ದರೆ ನಾಲ್ಕನೇ ಡೌನ್ ಬರುತ್ತಲೇ ಇರಲಿಲ್ಲ. ಗೂಮನ್ ಸೋತ ಮೇಲೂ ಪೆನ್ ಸ್ಟೇಟ್‌ಗೆ ಅವಕಾಶ ಬಂತು. ಅಲಬಾಮಾದ ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಕೆಟ್ಟದಾಗಿ ಹೋಯಿತು, ಆದರೆ ಪೆನ್ ಸ್ಟೇಟ್ ಹನ್ನೆರಡು ಜನರನ್ನು ಮೈದಾನದಲ್ಲಿ ನಿಲ್ಲಿಸಿತ್ತು. ದಂಡ ಬಿತ್ತು, ಚೆಂಡು ಅಲಬಾಮಾಗೆ ವಾಪಸ್ ಹೋಯಿತು. ನಲವತ್ತು ವರ್ಷ ಮೀರಿದರೂ ಜನ ಮಾತಾಡುವುದು ಕ್ರೌಸ್ ಹೊಡೆತದ ಬಗ್ಗೆಯೇ, ಆ ಹನ್ನೆರಡನೆಯವನ ಬಗ್ಗೆ ಅಲ್ಲ.

ಈಗ ನಿನ್ನ ಪಟ್ಟಿಗೆ ಬರೋಣ. ನೀನೇ ಫೋನಿನಲ್ಲಿ ಹೇಳಿದೆ, ಎಡಗಡೆಯ ಗಾರ್ಡ್‌ (ಮುಂದಿನ ಸಾಲಿನಲ್ಲಿ ನಿಂತು ದಾರಿ ಮಾಡಿಕೊಡುವವನು) ಕಾಲು ಉಳುಕಿಸಿಕೊಂಡು ಮೂರನೇ ಕ್ವಾರ್ಟರ್‌ನಿಂದಲೇ ಹೊರಗಿದ್ದ ಅಂತ. ಮಧ್ಯದಲ್ಲಿ ನುಗ್ಗುವ ಲೆಕ್ಕ ನೀನು ಹಾಕಿದ್ದು ಅವನು ಇರುತ್ತಾನೆ ಅಂತ ಅಲ್ವಾ? ಅವನ ಜಾಗಕ್ಕೆ ಬಂದ ಹುಡುಗನ ಬಗ್ಗೆ ನಿನ್ನ ಹಾಳೆಯಲ್ಲಿ ಏನಿತ್ತು? ಕೋಚ್‌ಗೆ ಅವನು ಪ್ರಾಕ್ಟೀಸ್‌ನಲ್ಲಿ ಹೇಗೆ ತಳ್ಳುತ್ತಾನೆ ಅಂತ ಗೊತ್ತು. ನಿನಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರಬಹುದು. ಅವರ ಕಣ್ಣಿಗೆ ಬೀಳದ್ದು ನಿನ್ನ ಹಾಳೆಯಲ್ಲಿರಬಹುದು. ಯಾವುದು ಅಂತ ಕೇಳದೆ ತಿಳಿಯುವುದಿಲ್ಲ.

ಇನ್ನೂ ಒಂದು. ಆ ಸಾಲು ನಿನ್ನ ಹಾಳೆಯಲ್ಲಿ ಎಲ್ಲಿತ್ತು? ನೀನು ಕಳಿಸಿದ ಫೋಟೋ ಮತ್ತೆ ನೋಡಿದೆ. ನಾಲ್ಕನೇ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಒಂದು ಪ್ಲೇ ಮುಗಿದರೆ ಮುಂದಿನದಕ್ಕೆ 40 ಸೆಕೆಂಡಿನ ಗಡಿಯಾರ ಓಡುತ್ತದೆ. ಅಷ್ಟರಲ್ಲಿ ಪ್ಲೇ ಆರಿಸಿ, ಹುಡುಗರಿಗೆ ತಿಳಿಸಿ, ಸಾಲಾಗಿ ನಿಲ್ಲಿಸಬೇಕು. ಅದರ ನಡುವೆ ಯಾರೂ ನಾಲ್ಕನೇ ಪುಟ ತೆರೆಯುವುದಿಲ್ಲ.

ಪತ್ರಿಕೆಗೆ ಕೊಟ್ಟರೆ ಏನಾಗುತ್ತದೆ ಅಂತಲೂ ಯೋಚಿಸು. ಕೋಚ್‌ಗೆ ಎರಡು ದಿನ ಬೈಗುಳ ಸಿಗಬಹುದು, ಅವರು ಅದನ್ನು ತಡೆದುಕೊಳ್ಳುತ್ತಾರೆ. ಚೆಂಡು ಬಿಟ್ಟ ಹುಡುಗನಿಗೆ ಹತ್ತೊಂಬತ್ತು ವರ್ಷ ಅಂದೆ. ನಿನ್ನ ಹಾಳೆ ಓದುವ ಪ್ರತಿಯೊಬ್ಬರೂ ಅವನ ಕೈಯನ್ನೇ ಮತ್ತೆ ನೋಡುತ್ತಾರೆ. ಅವನು ನಿನ್ನ ಜೊತೆ ಊಟ ಮಾಡುವ ಹುಡುಗ. ಅವನಿಗೆ ನೋವಾಗುವ ಕೆಲಸ ನೀನು ಬೇಕಂತ ಮಾಡುವವನಲ್ಲ, ಅದು ನನಗೆ ಗೊತ್ತು.

ಸೋಮವಾರ ವಿಡಿಯೋ ನೋಡುವ ಮೀಟಿಂಗ್‌ ಆದ ಮೇಲೆ ಕೋಚ್ ಒಬ್ಬರೇ ಇದ್ದಾಗ ಹೋಗು. ಹಾಳೆ ಕೈಯಲ್ಲಿರಲಿ. 'ಸರ್, ನಾನು ಮೊದಲೇ ಬರೆದಿದ್ದೆ' ಅಂತ ಶುರು ಮಾಡಬೇಡ. ಪಾಸ್ ಆರಿಸುವಾಗ ಏನು ಕಂಡಿರಿ ಅಂತ ಕೇಳು. ಉತ್ತರವನ್ನು ಪೂರ್ತಿ ಕೇಳಿಸಿಕೋ. ಆಮೇಲೂ ನಿನಗೆ ತಪ್ಪು ಅನ್ನಿಸಿದರೆ ನೇರವಾಗಿ ಹೇಳು, ಹೆದರಬೇಡ. ನಿನ್ನನ್ನು ಇಟ್ಟುಕೊಂಡಿರುವುದೇ ಅದಕ್ಕೆ.

ಮುಂದಿನ ಪಂದ್ಯಕ್ಕೆ ಗೋಲ್ ಲೈನ್‌ಗೆ ಅಂತಲೇ ಒಂದು ಕಾರ್ಡ್ ಮಾಡು. ಒಂದು, ಎರಡು, ಮೂರು ಯಾರ್ಡ್‌ಗೆ ಬೇರೆ ಬೇರೆ. ಪ್ರತಿ ಪ್ಲೇ ಪಕ್ಕದಲ್ಲಿ ಅದು ಸೋತರೆ ಚೆಂಡು ಎಲ್ಲಿರುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆ. ಯಾರಿಗಾದರೂ ಪೆಟ್ಟಾದರೆ ಏನು ಬದಲಾಗುತ್ತದೆ ಅನ್ನುವುದನ್ನೂ ಸೇರಿಸು. ಗುರುವಾರದೊಳಗೆ ಕೋಚ್‌ಗೆ ತೋರಿಸಿ ಒಪ್ಪಿಸಿಕೋ.

ಅಮ್ಮನಿಗೆ ಫೋನ್ ಮಾಡು, ನಿನ್ನ ದನಿ ಕೇಳದೆ ಚಿಂತೆ ಮಾಡುತ್ತಿದ್ದಾಳೆ. ಚಳಿ ಶುರುವಾಗಿದೆ, ಸೈಡ್‌ಲೈನ್‌ನಲ್ಲಿ ನಿಲ್ಲುವಾಗ ದಪ್ಪ ಜಾಕೆಟ್ ಹಾಕಿಕೋ. ಮಾವ ಕೇಳಿದ ಹಾಗೆ ಈ ಶನಿವಾರದ ಆಟ ಯಾವ ಚಾನೆಲ್‌ನಲ್ಲಿ ಬರುತ್ತದೆ ಅಂತ ತಿಳಿಸು, ನಾವಿಬ್ಬರೂ ನೋಡುತ್ತೇವೆ. ಕೋಚ್ ಏನು ಉತ್ತರ ಕೊಟ್ಟರು ಅಂತಲೂ ಬರೆ.

ಇಂತಿ ನಿನ್ನ ಪ್ರೀತಿಯ
ಅತ್ತೆ