ಕೆಂಡ ತುಳಿಯುವ ಪಂದ್ಯ ಹಾಗೂ ವಿಜ್ಞಾನ ದಿನದ ಪ್ರಯೋಗಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ಏಳನೇ ತರಗತಿಯ ವಿದ್ಯಾರ್ಥಿಯೊಬ್ಬ ಎಡಗಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಶಾಲೆಗೆ ಬಂದ. ವಿಚಾರಿಸಿದಾಗ, ತೋಟದ ಅಂಚಿನಲ್ಲಿ ಮರದ ಕೊಂಬೆ ಹಾಗೂ ಹಳೆಯ ಬೇಲಿಗೂಟಗಳನ್ನು ಸುಟ್ಟ ಕೆಂಡದ ಮೇಲೆ ಗೆಳೆಯರೊಡನೆ ಪಂದ್ಯ ಕಟ್ಟಿ ನಡೆದಿದ್ದನೆಂದೂ, ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿ ಮನೆಯವರಿಗೆ ಹೇಳದೆ ಮಲಗಿದ್ದನೆಂದೂ ತಿಳಿಯಿತು. ಒತ್ತೆಕೋಲ ಎಂಬ ದೈವಾರಾಧನೆಯಲ್ಲಿ ಕೆಂಡದ ರಾಶಿಗೇ ಬಿದ್ದೇಳುವವರನ್ನೂ, ಮಾರಿಯಮ್ಮನ ಹಬ್ಬದಲ್ಲಿ ಕೊಂಡ ಹಾಯುವವರನ್ನೂ ನೋಡಿದ್ದ ಆ ಹುಡುಗ, "ಅವರಿಗೆ ಆಗದ್ದು ನನಗೇಕೆ ಆಯಿತು, ಮೇಡಂ?" ಎಂದು ಕೇಳಿದ. ಗದರಿಸಿ ಕಳುಹಿಸಬಹುದಿತ್ತು; ಆದರೆ ಪ್ರಶ್ನೆ ಒಳ್ಳೆಯದಾಗಿತ್ತು. ವ್ರತ, ಹರಕೆ, ದೈವದ ಕಟ್ಟುಕಟ್ಟಳೆಗಳು ಆಯಾ ಮನೆತನ ಮತ್ತು ಊರಿಗೆ ಸೇರಿದವು. ನಾನು ಬರೆಯುತ್ತಿರುವುದು ಕೆಂಡ ಮತ್ತು ಪಾದದ ವಿಷಯ ಮಾತ್ರ.

ಚಳಿಗಾಲದ ಮುಂಜಾನೆ ಹೊರಗಿಟ್ಟ ಕತ್ತಿಯನ್ನು ಕೈಗೆತ್ತಿಕೊಂಡರೆ ಅಲಗು ಕೊರೆಯುತ್ತದೆ, ಮರದ ಹಿಡಿ ಅಷ್ಟು ಕೊರೆಯುವುದಿಲ್ಲ. ಎರಡರ ತಾಪಮಾನವೂ ಒಂದೇ. ಕಬ್ಬಿಣ ನಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಕೆಂಡದಲ್ಲಿ ಇದೇ ವ್ಯವಹಾರ ತಿರುಗುಮುರುಗಾಗಿ ನಡೆಯುತ್ತದೆ. ಇದ್ದಿಲು ಸಣ್ಣ ಸಣ್ಣ ಗಾಳಿರಂಧ್ರಗಳಿಂದ ತುಂಬಿದ ಹಗುರ ವಸ್ತುವಾದ್ದರಿಂದ, ನೂರಾರು ಡಿಗ್ರಿ ಕಾದು ಕೆಂಪಗಿದ್ದರೂ ಅದರ ಮೇಲ್ಪದರದಲ್ಲಿ ಕೂಡಿರುವ ಶಾಖ ಸ್ವಲ್ಪವೇ, ಒಳಗಿನ ಶಾಖ ಮೇಲಕ್ಕೆ ಬರುವುದೂ ನಿಧಾನವೇ. ಪಾದದಲ್ಲಾದರೋ ನೀರಿನಂಶ ಹೆಚ್ಚು. ನೀರು ಬಿಸಿಯೇರಬೇಕಾದರೆ ಬಹಳ ಶಾಖ ಬೇಕು. ಹೀಗಾಗಿ ಪಾದ ತಾಗಿದೊಡನೆ ಕೆಂಡದ ಮೈ ತಣಿಯುತ್ತದೆ, ಮತ್ತೆ ಕಾಯುವಷ್ಟರಲ್ಲಿ ಪಾದ ಮೇಲೆದ್ದಿರುತ್ತದೆ. ನಡುವೆ ಬೂದಿಯ ಪದರವೊಂದು ಇದ್ದರೆ ಅದೂ ತಡೆಯೇ. ಕಾಫಿ ಕಣದ ಸಿಮೆಂಟ್ ನೆಲ ನಡು ಮಧ್ಯಾಹ್ನ ಬರಿಗಾಲನ್ನು ಚುರುಗುಟ್ಟಿಸಿದರೂ, ಅದೇ ಬಿಸಿಲಿನಲ್ಲಿ ಹರವಿದ ಕಾಫಿಯ ಮೇಲೆ ಅಷ್ಟು ಕಷ್ಟವಿಲ್ಲದೆ ನಡೆಯಬಹುದೆಂಬುದು ತಮಗೆ ಗೊತ್ತೇ ಇದೆ.

1935ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಹ್ಯಾರಿ ಪ್ರೈಸ್ ಎಂಬವರು ಇದನ್ನು ಪರೀಕ್ಷೆಗೆ ಒಡ್ಡಿದರು. ಕಾಶ್ಮೀರದ ಕುದಾ ಬಕ್ಸ್ ನಡೆದ ಕೆಂಡದ ಮೇಲ್ಮೈ ಸುಮಾರು 430 ಡಿಗ್ರಿ ಸೆಲ್ಸಿಯಸ್ ಇತ್ತು. ಅವರ ಪಾದಕ್ಕೆ ಏನೂ ಆಗಲಿಲ್ಲ. ಪರೀಕ್ಷಕರು ಕೊಟ್ಟ ಕಾರಣಗಳು ಎರಡು: ಕೆಂಡದ ಕಡಿಮೆ ಉಷ್ಣವಾಹಕತೆ, ಪಾದ ತಾಗುವ ಅತ್ಯಲ್ಪ ಕಾಲ. ಅವರನ್ನು ಅನುಕರಿಸಲು ಹೋದವರು ಮಾತ್ರ ಕಾಲು ಸುಟ್ಟುಕೊಂಡರು ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿದ್ದೇನೆ.

ಇನ್ನು ನಮ್ಮ ಹುಡುಗನ ಗಾಯ. ಬಟ್ಟೆ ಬಿಚ್ಚಿದಾಗ ಪಾದಕ್ಕೆ ಅಡ್ಡಲಾಗಿ ಗೀಟು ಎಳೆದಂತೆ ಸಣ್ಣ ಬೊಬ್ಬೆಗಳ ಸಾಲು ಕಂಡಿತು. ಗೂಟದಲ್ಲಿ ಉಳಿದಿದ್ದ ಬೇಲಿ ತಂತಿಯ ತುಂಡು ಬೂದಿಯಲ್ಲಿ ಮರೆಯಾಗಿತ್ತು, ಅದನ್ನೇ ಅವನು ತುಳಿದಿದ್ದ. ಕಬ್ಬಿಣ ಇದ್ದಿಲಿಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ಕತ್ತಿಯ ಅಲಗಿನ ಪಾಠವನ್ನು ಅವನು ಪಾದದಿಂದಲೇ ಕಲಿತಂತಾಯಿತು. ತಂತಿ ಇಲ್ಲದಿದ್ದರೂ ಅಪಾಯ ತಪ್ಪದು: ಹೆದರಿ ನಡುವೆ ನಿಂತರೆ ಶಾಖ ಇಳಿಯಲು ಸಮಯ ಸಿಗುತ್ತದೆ, ಓಡಿದರೆ ಬೆರಳುಗಳು ಕೆಂಡದೊಳಕ್ಕೆ ಹೂತುಕೊಳ್ಳುತ್ತವೆ, ಪ್ಲಾಸ್ಟಿಕ್ ಕರಗಿದ್ದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಆದ್ದರಿಂದ ತೋಟದ ಕಸ ಸುಟ್ಟ ಮೇಲೆ ಕೆಂಡವನ್ನು ಬೂದಿ ಮುಚ್ಚಿ ಬಿಡದೆ, ನೀರು ಹೊಯ್ದು ಕೆದಕಿ ಪೂರ್ತಿ ಆರಿಸಬೇಕೆಂದು ಕೋರುತ್ತೇನೆ; ಬೂದಿಯಡಿಯ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಸುಟ್ಟ ಗಾಯವಾದರೆ ಟೂತ್‌ಪೇಸ್ಟ್, ಕಾಫಿಪುಡಿ ಹಚ್ಚದೆ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ನಂತರ ವೈದ್ಯರಿಗೆ ತೋರಿಸಿ.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ನಮ್ಮ ಶಾಲೆಯಲ್ಲಿ ಯಾರೂ ಕೆಂಡ ತುಳಿಯುವುದಿಲ್ಲ. ಒಂದು ಕಬ್ಬಿಣದ ಸರಳಿಗೂ ಒಂದು ಮರದ ಕೋಲಿಗೂ ಬಿಳಿ ಕಾಗದವನ್ನು ಬಿಗಿಯಾಗಿ ಸುತ್ತಿ, ಮೇಣದಬತ್ತಿಯ ಮೇಲೆ ಕೆಲವು ಕ್ಷಣ ಹಿಡಿದು, ಯಾವ ಕಾಗದ ಮೊದಲು ಕಪ್ಪಾಗುತ್ತದೆಂದು ಅದೇ ಹುಡುಗ ತೋರಿಸಲಿದ್ದಾನೆ. ಉತ್ತರ ಹೆಚ್ಚಿನವರು ಊಹಿಸುವುದಕ್ಕೆ ವಿರುದ್ಧವಾಗಿರುತ್ತದೆ. ಬೆಳಿಗ್ಗೆ 10 ಗಂಟೆಗೆ ತಾವೂ ಬನ್ನಿ. ಈ ಪತ್ರದ ಕೆಳಭಾಗದ ಚೀಟಿಗೆ ಸಹಿ ಮಾಡಿ, ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ಕಳುಹಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಮಡಿಕೇರಿ ತಾಲ್ಲೂಕು, ಕೊಡಗು