ಕೋಚ್ ಆಗೋ ಮುಂಚೆ ಇದನ್ನೊಂದು ಓದು

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಮೊಣಕಾಲಿನ ವಿಷಯ ಅಕ್ಕ ಹೇಳಿದಳು. ಇನ್ನು ಮೇಲೆ ಮೊದಲಿನ ಹಾಗೆ ಆಡುವುದು ಬೇಡ ಅಂದಿದ್ದಾರಂತೆ ಡಾಕ್ಟರು. ಊರಿನ ಐಸ್ ಹಾಕಿ ಸಂಘದವರು 13 ವರ್ಷದೊಳಗಿನ ಮಕ್ಕಳ ತಂಡಕ್ಕೆ ಕೋಚ್ ಆಗ್ತೀಯಾ ಅಂತ ಕೇಳಿದ್ದಕ್ಕೆ ನೀನು ಮುಖ ಸಿಂಡರಿಸಿದ್ದೂ ಗೊತ್ತಾಯಿತು. ಯೂನಿವರ್ಸಿಟಿ ತಂಡದಲ್ಲಿ ಆಡಿದವನು ಮಕ್ಕಳ ಸ್ಕೇಟಿಗೆ ಲೇಸು ಕಟ್ಟಿಕೊಂಡು ಕೂರಬೇಕಾ ಅಂದೆಯಂತೆ.

ನನಗೆ ಐಸ್ ಮೇಲೆ ನೆಟ್ಟಗೆ ನಿಲ್ಲುವುದಕ್ಕೂ ಬರುವುದಿಲ್ಲ, ಅದು ಮನೆಯವರಿಗೆಲ್ಲ ಗೊತ್ತಿರುವುದೇ. ಆದರೆ ಮಾಂಟ್ರಿಯಲ್ ಪಕ್ಕದ ಈ ಲಾವಾಲ್‌ಗೆ ಬಂದ ಮೇಲೆ ಎನ್‌ಎಚ್‌ಎಲ್ ಅನ್ನೋ ದೊಡ್ಡ ಐಸ್ ಹಾಕಿ ಲೀಗ್‌ನ ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಪಂದ್ಯ ನೋಡುವ ಚಟ ಹತ್ತಿಬಿಟ್ಟಿದೆ. ಅದಕ್ಕೇ ಇದೇ ಲಾವಾಲ್‌ನಲ್ಲಿ 1975ರಲ್ಲಿ ಹುಟ್ಟಿದ ಹಾಕಿ ಆಟಗಾರ ಮಾರ್ಟಿನ್ ಸೇಂಟ್ ಲೂಯಿ ಬಗ್ಗೆ ಬರೆಯೋಣ ಅನ್ನಿಸಿತು. ಅವನ ಗೋಲುಗಳ ಲೆಕ್ಕ ನಿನಗೆ ಬಾಯಿಪಾಠ. ನಾನು ಹೇಳಬೇಕೆಂದಿರುವುದು ಬೇರೆ.

ಅವನ ಎತ್ತರ 5 ಅಡಿ 8 ಇಂಚು. ಹಾಕಿಯಲ್ಲಿ ಅದು ಕುಳ್ಳು. ವರ್ಮಾಂಟ್ ಯೂನಿವರ್ಸಿಟಿಯಲ್ಲಿ ಅಷ್ಟು ಚೆನ್ನಾಗಿ ಆಡಿದರೂ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಅವನ ಹೆಸರು ಕೂಗಲಿಲ್ಲ. 1998ರಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ಕರೆದುಕೊಂಡಿತು. ಎರಡು ಸೀಸನ್‌ನಲ್ಲಿ 69 ಪಂದ್ಯ, ಬರೀ 4 ಗೋಲು. 2000ದಲ್ಲಿ ಸುಮ್ನೆ ಬಿಟ್ಟುಬಿಟ್ಟರು. ಟ್ಯಾಂಪಾ ಬೇ ಲೈಟ್ನಿಂಗ್ ಕಡಿಮೆ ದುಡ್ಡಿಗೆ ಎತ್ತಿಕೊಂಡಿತು. ನಾಲ್ಕು ವರ್ಷಕ್ಕೆ ಅವನೇ ಲೀಗ್‌ನ ಅತ್ಯುತ್ತಮ ಆಟಗಾರ, 94 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಗಳಿಸಿ ಎಲ್ಲರಿಗಿಂತ ಮುಂದೆ. ಅದೇ 2004ರಲ್ಲಿ ಲೀಗ್‌ನ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್‌ನಲ್ಲಿ ಎದುರಾಳಿ ಯಾರು? ಕ್ಯಾಲ್ಗರಿ. ಆರನೇ ಪಂದ್ಯ ಎರಡನೇ ಓವರ್‌ಟೈಮ್‌ಗೆ ಹೋಯಿತು. ಅದನ್ನು ಮುಗಿಸಿದ ಗೋಲು ಇವನದೇ. ಏಳನೆಯದನ್ನೂ ಗೆದ್ದು ಟ್ಯಾಂಪಾ ಕಪ್ ಎತ್ತಿತು. ಬೇಡ ಅಂದವರ ಊರಿನಲ್ಲೇ ಹೊಡೆದ ಗೋಲು ಅದು. ಇಂಥದ್ದನ್ನು ಕಥೆಯಲ್ಲಿ ಬರೆದರೆ ಜಾಸ್ತಿಯಾಯಿತು ಅಂತಾರೆ.

ಅವನೇನೂ ಸಂತನಲ್ಲ ಬಿಡು. 2014ರ ಒಲಿಂಪಿಕ್ಸ್ ತಂಡಕ್ಕೆ ಮೊದಲು ಹೆಸರು ಬರದಿದ್ದಾಗ ಮುನಿಸಿಕೊಂಡ. ಆಮೇಲೆ ಇನ್ನೊಬ್ಬನಿಗೆ ಗಾಯವಾಗಿ ಜಾಗ ಸಿಕ್ಕಿತು, ಚಿನ್ನದ ಪದಕವೂ ಬಂತು. ಆದರೂ ತಾನೇ ನಾಯಕನಾಗಿದ್ದ ಟ್ಯಾಂಪಾ ಬಿಟ್ಟು ನ್ಯೂಯಾರ್ಕ್‌ಗೆ ಹೋದ. 2015ರಲ್ಲಿ ಆಟ ಬಿಟ್ಟಾಗ ಖಾತೆಯಲ್ಲಿ 1,033 ಪಾಯಿಂಟ್.

ನೀನು ಗಮನ ಕೊಡಬೇಕಾದದ್ದು ಇಲ್ಲಿಂದ ಮುಂದೆ. ಇಷ್ಟು ದೊಡ್ಡ ಹೆಸರಿದ್ದವನು ಮುಂದಿನ ವರ್ಷಗಳಲ್ಲಿ ಏನು ಮಾಡಿದ? ಕನೆಕ್ಟಿಕಟ್‌ನಲ್ಲಿ ತನ್ನ ಗಂಡುಮಕ್ಕಳ ತಂಡಕ್ಕೆ ಕೋಚ್ ಆದ. ನೀನು ಮುಖ ಸಿಂಡರಿಸಿದೆಯಲ್ಲ, ಅದೇ ಕೆಲಸ. ನಡುವೆ ಸ್ವಲ್ಪ ಕಾಲ ಕೊಲಂಬಸ್ ತಂಡಕ್ಕೆ ಪವರ್ ಪ್ಲೇ (ಎದುರಾಳಿ ಕಡೆ ಆಳು ಕಡಿಮೆ ಇರುವಾಗಿನ ಆಟ) ವಿಷಯದಲ್ಲಿ ಸಲಹೆ ಕೊಟ್ಟಿದ್ದು ಬಿಟ್ಟರೆ ದೊಡ್ಡವರ ಬೆಂಚ್ ಹಿಂದೆ ನಿಂತವನೇ ಅಲ್ಲ. 2022ರ ಫೆಬ್ರವರಿಯಲ್ಲಿ ಕನೇಡಿಯನ್ಸ್ ಅವನನ್ನು ಮುಖ್ಯ ಕೋಚ್ ಅಂತ ಕರೆದಾಗ ಇಲ್ಲಿಯವರಿಗೆಲ್ಲ ಆಶ್ಚರ್ಯ. ಹಿಂದಿನ ವರ್ಷ ಫೈನಲ್ ಆಡಿದ್ದ ತಂಡ ಆಗ ಲೀಗ್‌ನ ತಳದಲ್ಲಿ ಬಿದ್ದಿತ್ತು. ಮಕ್ಕಳ ಕೋಚನ್ನು ತಂದಿದ್ದಾರೆ ಅಂತ ನಕ್ಕವರೂ ಇದ್ದರು.

ಆ ತಂಡದಲ್ಲಿ ಕೋಲ್ ಕಾಫೀಲ್ಡ್ ಅನ್ನೋ ಹುಡುಗ ಇದ್ದ, ಈಗಲೂ ಇದ್ದಾನೆ. ಅವನೂ ಕುಳ್ಳ. ಆ ಸೀಸನ್‌ನ ಮೊದಲ 30 ಪಂದ್ಯಗಳಲ್ಲಿ ಒಂದೇ ಗೋಲು. ನಡುವೆ ಕೆಳಗಿನ ಲೀಗ್‌ಗೆ, ನಮ್ಮ ಲಾವಾಲ್ ರಾಕೆಟ್ ತಂಡಕ್ಕೆ ಇಳಿಸಿದ್ದರು. ಸೇಂಟ್ ಲೂಯಿ ಬಂದ ಮೇಲೆ 37 ಪಂದ್ಯಗಳಲ್ಲಿ 22 ಗೋಲು ಹೊಡೆದ! ಅದೇ ಹುಡುಗ, ಅದೇ ಸೋಲುವ ತಂಡ. ಹಳೇ ಕೋಚ್ ದಡ್ಡ ಅಂತಲ್ಲ. ಆದರೆ ಹೊಸಬ ಇಂಥ ಕಡೆಯೇ ನಿಲ್ಲು ಅಂತ ಗೆರೆ ಹಾಕುವವನಲ್ಲ. ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಎಲ್ಲಿದೆ, ಖಾಲಿ ಜಾಗ ಎಲ್ಲಿ ಬೀಳುತ್ತೆ, ನೀನೇ ಓದಿಕೋ ಅನ್ನುವವನು. ಆರಡಿ ಆಳುಗಳ ನಡುವೆ ಕುಳ್ಳ ಉಳಿಯಬೇಕಾದರೆ ಒಂದು ಕ್ಷಣ ಮೊದಲೇ ಆಟ ಕಾಣಬೇಕು. ಅದನ್ನು ಅವನು ಬಿದ್ದು ಎದ್ದು, ಕ್ಯಾಲ್ಗರಿಯಲ್ಲಿ ಬೆಂಚ್ ಕಾಯಿಸಿ ಕಲಿತಿದ್ದ. ಹಾಗಾಗಿ ಹೇಳಿಕೊಡೋಕೂ ಬಂತು.

ಬರೀ ಪ್ರತಿಭೆ ಇದ್ದರೆ ಆಗುತ್ತಿತ್ತು ಅನ್ನೋದಾದರೆ ವೇಯ್ನ್ ಗ್ರೆಟ್ಸ್ಕಿಗಿಂತ ದೊಡ್ಡ ಕೋಚ್ ಇರಬಾರದಿತ್ತು. ಆಟಗಾರನಾಗಿ 2,857 ಪಾಯಿಂಟ್, ಹತ್ತಿರ ಹೋದವರೂ ಇಲ್ಲ. 2005ರಿಂದ ನಾಲ್ಕು ಸೀಸನ್ ಫೀನಿಕ್ಸ್ ಕಯೋಟಿಸ್‌ಗೆ ಕೋಚ್ ಆಗಿದ್ದ, ಒಮ್ಮೆಯೂ ಪ್ಲೇಆಫ್, ಅಂದರೆ ಕಪ್‌ಗಾಗಿ ಆಡುವ ನಾಕೌಟ್ ಸುತ್ತು, ಕಾಣಲಿಲ್ಲ. ತಂಡವೇ ದುಡ್ಡಿಲ್ಲದೆ ಒದ್ದಾಡುತ್ತಿತ್ತು ಅನ್ನೋದೂ ನಿಜ. ಆದರೂ ನನಗೆ ನಿಮ್ಮ ಅಜ್ಜಿ ನೆನಪಾಗುತ್ತಾರೆ. ಸಾರಿಗೆ ಉಪ್ಪು ಎಷ್ಟು ಅಂತ ಕೇಳಿದರೆ 'ಬೇಕಾದಷ್ಟು' ಅಂತಿದ್ದರು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ಇತ್ತ ಜಾನ್ ಕೂಪರ್ ನೋಡು. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವೂ ಆಡಿದವನಲ್ಲ, ಮಿಷಿಗನ್‌ನಲ್ಲಿ ವಕೀಲ. ಹೈಸ್ಕೂಲ್ ತಂಡದಿಂದ ಶುರು ಮಾಡಿ ಟ್ಯಾಂಪಾಗೆ ಬಂದು 2020, 2021 ಎರಡೂ ವರ್ಷ ಕಪ್ ಗೆಲ್ಲಿಸಿದ. ಒಂದು ಕಾಲಕ್ಕೆ ಸೇಂಟ್ ಲೂಯಿಗೇ ಕೋಚ್ ಆಗಿದ್ದ.

ಆಡಿದ್ದರಿಂದ ಏನೂ ಲಾಭವಿಲ್ಲ ಅಂತ ತಿಳಿಯಬೇಡ. ಮೊದಲ ವಾರ ಮಕ್ಕಳು ನಿನ್ನ ಮಾತು ಕೇಳುತ್ತಾರೆ. ಎರಡನೇ ವಾರದಿಂದ ನೀನು ಹೇಳುವುದು ಅರ್ಥವಾದರೆ ಮಾತ್ರ ಕೇಳುತ್ತಾರೆ. ಬೆಂಚ್ ಹಿಂದೆ ನಿಂತರೆ ಕಣ್ಣಿನ ಕೆಲಸವೂ ಬೇರೆ. ಒಂದು ಶಿಫ್ಟ್, ಅಂದರೆ ಒಂದು ಗುಂಪು ಐಸ್ ಮೇಲಿರುವ ಸರದಿ, ಒಂದು ನಿಮಿಷವೂ ಇರೋದಿಲ್ಲ. ಆಟ ನಡೆಯುತ್ತಿರುವಾಗಲೇ ಮುಂದಿನವರನ್ನು ಇಳಿಸಬೇಕು, ಯಾರಿಗೆ ಉಸಿರು ಹತ್ತಿದೆ, ಯಾರು ಹೆದರಿದ್ದಾರೆ ಅಂತ ಗೊತ್ತಿರಬೇಕು. ನೀನು ಇಷ್ಟು ದಿನ ಪಕ್ ನೋಡಿದೆ. ಈಗ ಪಕ್ ಇಲ್ಲದ ನಾಲ್ವರನ್ನು ನೋಡೋದು ಕಲಿ. ಪ್ರತಿ ಸಲ ನೀನೇ ಮಾಡಿ ತೋರಿಸಬೇಡ. ಹುಡುಗನನ್ನು ಕರೆದು, ಆಗ ನಿನಗೆ ಏನು ಕಾಣಿಸಿತು ಅಂತ ಕೇಳು. ಅರ್ಧ ಕೆಲಸ ಅಲ್ಲೇ ಆಗುತ್ತೆ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ಮುಖ್ಯ. ಕೆನಡಾದಲ್ಲಿ 13ರೊಳಗಿನ ಮಕ್ಕಳಿಗೆ ಬಾಡಿಚೆಕ್ (ಮೈಯಿಂದ ಗುದ್ದಿ ಪಕ್ ಕಸಿಯುವುದು) ಮಾಡುವಂತಿಲ್ಲ. 15ರೊಳಗಿನ ಗುಂಪಿಗೆ ಹೋದ ಮೇಲೆ ಅದು ಶುರು. ಅಷ್ಟರಲ್ಲಿ ಕೆಲವರು ಒಂದೇ ವರ್ಷದಲ್ಲಿ ಉದ್ದ ಬೆಳೆದಿರುತ್ತಾರೆ, ಕೆಲವರು ಇನ್ನೂ ಪುಟಾಣಿಗಳು. ಆ ಪುಟಾಣಿಗಳಲ್ಲಿ ಬಹಳ ಜನ ಪೆಟ್ಟು ತಿಂದು, ಹೆದರಿ ಆಟ ಬಿಟ್ಟು ಹೋಗೋದು ಅಲ್ಲೇ. ಅವರು ನಿನ್ನ ಕೈಯಲ್ಲಿರುವ ವರ್ಷದಲ್ಲೇ ತಲೆ ಎತ್ತಿ ಆಡೋದು, ಐಸ್ ಸುತ್ತಲಿನ ಬೋರ್ಡಿನ ಹತ್ತಿರ ಪೆಟ್ಟು ತಪ್ಪಿಸಿಕೊಳ್ಳೋದು ಕಲಿತಿರಬೇಕು. ನೀನೂ ತಂಡದಲ್ಲೇ ಚಿಕ್ಕವನಾಗಿದ್ದೆ. ಇದನ್ನು ನಿನ್ನಷ್ಟು ಚೆನ್ನಾಗಿ ಆ ಸಂಘದಲ್ಲಿ ಯಾರಿಗೆ ಹೇಳೋಕೆ ಬರುತ್ತೆ?

ಅಪ್ಪ ಅಮ್ಮಂದಿರ ಕಾಟ ಇದ್ದೇ ಇರುತ್ತೆ. ನನ್ನ ಮಗನನ್ನು ಯಾಕೆ ಇಳಿಸಲಿಲ್ಲ ಅಂತ ಪಾರ್ಕಿಂಗ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ಪಂದ್ಯ ಮುಗಿದ ರಾತ್ರಿ ಈ ವಿಷಯ ಮಾತಾಡೋದಿಲ್ಲ, ನಾಳೆ ಫೋನ್ ಮಾಡಿ ಅಂತ ಸೀಸನ್ ಶುರುವಿನಲ್ಲೇ ಹೇಳಿಬಿಡು. ದುಡ್ಡಿನ ಆಸೆ ಸದ್ಯಕ್ಕೆ ಬೇಡ. ಕೆಲಸ ಬಿಡಬೇಡ.

ಅವಸರವೂ ಬೇಡ. ರಾಡ್ ಬ್ರಿಂಡಮೋರ್ 2006ರಲ್ಲಿ ಕ್ಯಾರೊಲೈನಾ ನಾಯಕನಾಗಿ ಕಪ್ ಎತ್ತಿದವನು. ಅದೇ ತಂಡದಲ್ಲಿ ಏಳು ವರ್ಷ ಸಹಾಯಕ ಕೋಚ್ ಆಗಿದ್ದು 2018ರಲ್ಲಿ ಮುಖ್ಯ ಕೋಚ್ ಆದ. ಸೇಂಟ್ ಲೂಯಿಗೂ ಗೆಲುವು ಸುಮ್ನೆ ಬರಲಿಲ್ಲ. ಅವನು ಬಂದ ಸೀಸನ್‌ನಲ್ಲಿ ಮಾಂಟ್ರಿಯಲ್ ಕೊನೆಯ ಸ್ಥಾನದಲ್ಲೇ ಮುಗಿಸಿತು. ಮುಂದಿನ ಎರಡು ವರ್ಷವೂ ಪ್ಲೇಆಫ್ ಇಲ್ಲ. ಪ್ಲೇಆಫ್ ಕಂಡಿದ್ದು 2025ರಲ್ಲಿ, ಅದೂ ಮೊದಲ ಸುತ್ತಿನಲ್ಲೇ ವಾಷಿಂಗ್ಟನ್ ಎದುರು ಸೋತರು. ಆದರೂ ಅವತ್ತು ನಮ್ಮ ಬೀದಿಯಲ್ಲಿ ಹಬ್ಬದ ಹಾಗಿತ್ತು.

ಎನ್‌ಸಿಸಿಪಿ ಅನ್ನೋ ಕೋಚ್‌ಗಳ ತರಬೇತಿ ಕೋರ್ಸಿಗೆ ಹೆಸರು ಕೊಡು, ಅದಿಲ್ಲದೆ ಬೆಂಚ್ ಹತ್ತಿರ ಬಿಡೋದಿಲ್ಲ. ಫೀಸು ನಾನು ಕಳಿಸುತ್ತೇನೆ, ಅಕ್ಕನಿಗೆ ಹೇಳಬೇಡ. ಮೊಣಕಾಲಿಗೆ ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡ. ಸಂಘದವರಿಗೆ ಈ ವಾರವೇ ಉತ್ತರ ಕೊಡು. ಬೇಡ ಅನ್ನೋದಾದರೂ ಬೇಗ ಹೇಳು, ಪಾಪ ಅವರು ಇನ್ನೊಬ್ಬರನ್ನು ಹುಡುಕಬೇಕಲ್ವಾ.

ಇಂತಿ,
ನಿನ್ನ ಮಾವ