ಅಪ್ಪನ ಹಸಿವಿನ ವಿಷಯ

ಸುಯಿಟಾ, ಒಸಾಕಾ

ಪ್ರೀತಿಯ ಅವ್ವನಿಗೆ,

ಭಾನುವಾರ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. "ಮೂರು ತುತ್ತಿಗೇ ಕೈ ತೊಳೆಯುತ್ತಾರೆ, ನನ್ನ ಅಡುಗೆ ಸೇರುವುದಿಲ್ಲವೋ ಏನೋ" ಎಂದೆ. ಅಪ್ಪ ಪಕ್ಕದಲ್ಲೇ ಇದ್ದರು, ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ, ಅಪ್ಪ ಹಟ ಮಾಡುತ್ತಿಲ್ಲ. ಅವರಿಗೆ ಹಸಿವೇ ಆಗುತ್ತಿಲ್ಲ. ಹಸಿವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದಲ್ಲಿ. ಗಡ್ಡೆಯ ಜೊತೆಗೆ ಜಠರವನ್ನೇ ಪೂರ್ತಿ ತೆಗೆದ ಮೇಲೆ ಆ ಸುದ್ದಿ ಎಲ್ಲಿಂದ ಹೊರಡಬೇಕು? 1999ರಲ್ಲಿ ಕೊಜಿಮಾ, ಕಂಗಾವಾ ಎಂಬ ವಿಜ್ಞಾನಿಗಳು ಇಲಿಯ ಜಠರದಲ್ಲಿ ಅದನ್ನು ಕಂಡುಹಿಡಿದದ್ದು ನಾನಿರುವ ಇದೇ ಊರಿನ ಹೃದ್ರೋಗ ಸಂಶೋಧನಾ ಕೇಂದ್ರದಲ್ಲಿ. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಈಗ ಅಪ್ಪನ ಮುಖ ನೆನಪಾಗುತ್ತದೆ.

ಆದ್ದರಿಂದ "ಹಸಿವಾಯಿತೇ?" ಎಂದು ಕೇಳಬೇಡ. ಗಡಿಯಾರ ನೋಡಿ ಬಡಿಸು. ದಿನಕ್ಕೆ ಆರು ಸಲ, ಒಂದೊಂದು ಹಿಡಿ ಸಾಕು.

ಆಲೆಮನೆಯಿಂದ ತಂದ ಕಬ್ಬಿನ ಹಾಲು ಕುಡಿದು ಬೆವತು ಒರಗಿದರು ಎಂದೆಯಲ್ಲ, ನನಗೆ ಎದೆ ಧಸಕ್ಕೆಂದಿತು. ಜಠರ ನಮ್ಮ ಕೆರೆಯ ತೂಬಿನಂತೆ. ತಿಂದದ್ದನ್ನು ತಡೆದು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ಈಗ ಅನ್ನನಾಳವನ್ನು ನೇರವಾಗಿ ಕರುಳಿಗೆ ಸೇರಿಸಿದ್ದಾರೆ, ತೂಬಿಲ್ಲ. ಸಿಹಿ ಒಮ್ಮೆಲೇ ನುಗ್ಗಿದಾಗ ಕರುಳು ರಕ್ತದಿಂದ ನೀರೆಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೇ ಹೊಟ್ಟೆ ಉಬ್ಬಿ ಎದೆ ಹೊಡೆದುಕೊಳ್ಳುತ್ತದೆ. ಎರಡನೆಯ ಪೆಟ್ಟು ಒಂದರಿಂದ ಮೂರು ಗಂಟೆಯ ಬಳಿಕ. ಸಕ್ಕರೆ ರಕ್ತಕ್ಕೆ ಬೇಗ ಏರುತ್ತದೆ, ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನೂ ಉಕ್ಕುತ್ತದೆ, ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚು ಸುರಿದು ಸಕ್ಕರೆಯನ್ನು ಕೆಳಕ್ಕೆ ತಳ್ಳುತ್ತದೆ. ಕೈ ನಡುಗಿ ಬೆವರುವುದು ಆಗಲೇ. ಆ ಹೊತ್ತಿನಲ್ಲಿ ಒಂದೆರಡು ಚಮಚ ಸಕ್ಕರೆ ಕೊಡು, ಡಾಕ್ಟರಿಗೂ ತಿಳಿಸು. ಆದರೆ ಪಾನಕ, ಪಾಯಸ, ಕಬ್ಬಿನ ಹಾಲು ಲೋಟಗಟ್ಟಲೆ ಬೇಡ. ಇದೇ ಜಿಎಲ್‌ಪಿ-1 "ಸಾಕು" ಎಂದೂ ಮೆದುಳಿಗೆ ಹೇಳುತ್ತದೆ. ಅಪ್ಪ ಮೂರು ತುತ್ತಿಗೆ ಏಳುವುದು ಅದರಿಂದಲೂ ಇರಬಹುದು.

ಮುದ್ದೆಯ ಮಾತು ಹೇಳಲು ಕಷ್ಟವಾಗುತ್ತದೆ. ನಾವು ಮುದ್ದೆಯನ್ನು ಅಗಿಯುವವರಲ್ಲ, ನುಂಗುವವರು. ಅರೆಯುವ ಜಠರ ಇಲ್ಲದಿರುವಾಗ ಆ ಕೆಲಸ ಹಲ್ಲೇ ಮಾಡಬೇಕು. ಸದ್ಯಕ್ಕೆ ಮೆತ್ತಗೆ ಬೆಂದ ಅನ್ನ, ಬೇಳೆ, ಮೊಟ್ಟೆ ಕೊಡು. ಚೆನ್ನಾಗಿ ಅಗಿದು ತಿನ್ನಲಿ. ಮಜ್ಜಿಗೆಯನ್ನು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕೊಡು.

ರಾತ್ರಿ ಹೊಟ್ಟೆ ಗುಡುಗುಡು ಎನ್ನುತ್ತದೆಂದು ಹೆದರಬೇಡ. ಏನೂ ತಿನ್ನದಿದ್ದಾಗ ಒಂದೂವರೆ, ಎರಡು ಗಂಟೆಗೊಮ್ಮೆ ಕರುಳು ಅಲೆಯಲೆಯಾಗಿ ಹಿಂಡಿಕೊಂಡು ಒಳಗೆ ಉಳಿದದ್ದನ್ನು ಮುಂದಕ್ಕೆ ಗುಡಿಸುತ್ತದೆ. ಮೋಟಿಲಿನ್ ಎಂಬ ಹಾರ್ಮೋನು ಅದಕ್ಕೆ ಚಾಲನೆ ಕೊಡುತ್ತದೆ. ಕರುಳನ್ನು ಕತ್ತರಿಸಿ ಜೋಡಿಸಿದ್ದರಿಂದ ಲಯ ಸ್ವಲ್ಪ ತಪ್ಪಿರಬಹುದು. ನೋವು, ವಾಂತಿ ಕಾಣಿಸಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ನಮ್ಮ ಪ್ರಯೋಗಾಲಯದಲ್ಲಿ ಒಂದು ಗೆಣ್ಣಿನುದ್ದದ ಇಲಿಯ ಕರುಳನ್ನು ಬೆಚ್ಚಗಿನ ಉಪ್ಪು ದ್ರಾವಣದಲ್ಲಿ ತೂಗುಹಾಕಿ, ಆಮ್ಲಜನಕದ ಗುಳ್ಳೆ ಬಿಡುತ್ತೇವೆ. ದೇಹವಿಲ್ಲ, ಮೆದುಳಿಲ್ಲ; ಆದರೂ ಗಂಟೆಗಟ್ಟಲೆ ಅದು ಹಿಂಡುತ್ತದೆ, ಸಡಿಲುತ್ತದೆ, ಮತ್ತೆ ಹಿಂಡುತ್ತದೆ. ನಿನ್ನೆ ಅದನ್ನೇ ನೋಡುತ್ತಾ ಕುಳಿತುಬಿಟ್ಟೆ. ಅಪ್ಪನ ಕರುಳೂ ಹೀಗೆಯೇ ಬಿಡದೆ ದುಡಿಯುತ್ತಿದೆ ಎನ್ನಿಸಿ ಕಣ್ಣು ತುಂಬಿತು.

ಬಿ12 ಚುಚ್ಚುಮದ್ದು ತಪ್ಪಿಸಬೇಡ. ಜಠರವಿಲ್ಲದೆ ಅದು ಊಟದಿಂದ ಸರಿಯಾಗಿ ಮೈಗೆ ಸೇರುವುದಿಲ್ಲ.

ದೊಡ್ಡ ತಟ್ಟೆ ನೋಡಿದರೇ ಅಪ್ಪನಿಗೆ ಗಾಬರಿಯಾಗುತ್ತದೆಂದು ತಮ್ಮ ಹೇಳಿದ. ನಾನು ಶಾಲೆಗೆ ಹೋಗುವಾಗ ಉಣ್ಣುತ್ತಿದ್ದ ಅಂಚು ನೆಗ್ಗಿದ ಸ್ಟೀಲ್ ತಟ್ಟೆ ಅಟ್ಟದ ಮೇಲೆ ಇರಬೇಕು. ಇಳಿಸಿ ತೊಳೆದು, ನಾಳೆಯಿಂದ ಅದರಲ್ಲೇ ಬಡಿಸು.

ನಿನ್ನ ಮಗಳು